ಎಡ ಯಾವುದು, ಬಲ ಯಾವುದು ಅಂತ ಬಿಡಿಸಿ ಹೇಳುವ ಕರಾಟೆ ಕ್ಲಾಸ್

ಆತ್ಮರಕ್ಷಣೆ ಕಲಿಸುವ ಜಾಗವನ್ನು ನಾನು ನೋಡುವುದು ಒಂದೇ ವಿಷಯಕ್ಕೆ. ಎಲ್ಲಿಗೆ ಹೊಡೆಯಬೇಕು, ಯಾವ ದಿಕ್ಕಿನಿಂದ, ನಮ್ಮ ಮೈಯ ಯಾವ ಭಾಗದಿಂದ? ಈ ಮೂರನ್ನೂ ಮಾಸ್ಟರ್ ಬಿಡಿಸಿ ಹೇಳುತ್ತಾರಾ, ಇಲ್ಲ "ಹೀಗೆ ಮಾಡಿ, ಹಾಗೆ ಮಾಡಿ" ಅಂತ ಕೈ ಬೀಸಿ ತೋರಿಸಿ ಮುಂದಕ್ಕೆ ಹೋಗುತ್ತಾರಾ? ನಾನು ಫಿಸಿಯೋಥೆರಪಿಸ್ಟ್. ದಿನವಿಡೀ ಮೂಳೆ, ಕೀಲು, ಸ್ನಾಯುಗಳ ನಡುವೆಯೇ ನನ್ನ ಕೆಲಸ. ನಮ್ಮಲ್ಲಿ ಎಡ ಅಂದರೆ ಯಾವಾಗಲೂ ರೋಗಿಯ ಎಡ. ಎದುರು ಕೂತವರ ಎಡ ಭುಜ ನನಗೆ ಬಲಗಡೆ ಕಾಣಿಸಿದರೂ ಫೈಲಿನಲ್ಲಿ ಎಡ ಅಂತಲೇ ಬರೆಯುತ್ತೇವೆ. ಅದರಲ್ಲಿ ತಪ್ಪಾದರೆ ಬೇರೆ ಕಾಲಿಗೆ ಚಿಕಿತ್ಸೆ ಆಗಿಬಿಡುತ್ತದೆ. ಹೊಡೆದಾಟ ಕಲಿಸುವ ಕಡೆಯೂ ಇಷ್ಟೇ ಕಟ್ಟುನಿಟ್ಟು ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೈಸೂರಿನ ಈ ಕ್ಲಾಸಿಗೆ ಹೋದ ಮಳೆಗಾಲದಿಂದ ಹೋಗುತ್ತಿದ್ದೇನೆ. ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆಗೆ ಹೆಂಗಸರ ಬ್ಯಾಚ್. ಜಾಗ ಒಂದು ಸಮುದಾಯ ಭವನದ ಮೊದಲ ಮಹಡಿ. ಕಲಿಸುವುದು ಶೋಟೊಕಾನ್ ಶೈಲಿಯ ಕರಾಟೆ, ಜೊತೆಗೆ ಬಿಡಿಸಿಕೊಳ್ಳುವ ವರಸೆಗಳು. ಇಲ್ಲಿಯ ಮಾಸ್ಟರ್ ಬಗ್ಗೆ ಹೇಳುವುದು ಬಹಳ ಇದೆ, ಬಹುಪಾಲು ಒಳ್ಳೆಯದೇ.

ಇದಕ್ಕೆ ಮೊದಲು ನಾನು ಕೆಲಸ ಮಾಡುತ್ತಿದ್ದ ಕಡೆ ಅರ್ಧ ದಿನದ ಒಂದು ಆತ್ಮರಕ್ಷಣೆ ಶಿಬಿರ ಇಟ್ಟಿದ್ದರು. ಬಂದವರು ಚೆನ್ನಾಗಿ ಮಾತಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಆದರೆ ಅವರು ಮತ್ತೆ ಮತ್ತೆ ಹೇಳಿದ್ದು "ಮರ್ಮಸ್ಥಾನಕ್ಕೆ ಹೊಡೀರಿ" ಅಂತ. ಯಾವ ಮರ್ಮಸ್ಥಾನ? ಸುಶ್ರುತ ಸಂಹಿತೆಯಲ್ಲೇ 107 ಮರ್ಮಗಳನ್ನು ಹೇಳಿದ್ದಾರೆ. ಅಷ್ಟರಲ್ಲಿ ನಡುಗುತ್ತಾ ನಿಂತ ಒಬ್ಬ ಹುಡುಗಿ ಯಾವುದನ್ನು ಹುಡುಕಬೇಕು? ನರ್ಸಿಂಗ್ ಹುಡುಗಿಯೊಬ್ಬಳು ಅದನ್ನೇ ಕೇಳಿದಾಗ ಅವರು "ಸೂಕ್ಷ್ಮ ಜಾಗ ಎಲ್ಲಿ ಸಿಗುತ್ತೋ ಅಲ್ಲಿ" ಅಂದರು. ಅಂಥ ತರಬೇತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನೂ ಹೇಳಬೇಕೆಂದರೆ ಇಲ್ಲದ ಧೈರ್ಯ ತುಂಬಿ ಕಳಿಸುವುದರಿಂದ ಅಪಾಯವೇ ಜಾಸ್ತಿ.

ಈ ಕ್ಲಾಸಿನಲ್ಲಿ ಮೊದಲ ದಿನ ಹೊಡೆತವನ್ನೇ ಕಲಿಸುವುದಿಲ್ಲ. ಮೈಯನ್ನು ಮೂರು ಪಾಲು ಮಾಡುವುದನ್ನು ಕಲಿಸುತ್ತಾರೆ. ಕುತ್ತಿಗೆಯಿಂದ ಮೇಲೆ ಜೋದಾನ್. ಭುಜದಿಂದ ಬೆಲ್ಟಿನವರೆಗೆ ಚೂದಾನ್. ಬೆಲ್ಟಿನ ಕೆಳಗೆ ಗೆದಾನ್. ಮಾಸ್ಟರ್ ಹೆಸರು ಕೂಗುತ್ತಾರೆ, ನಾವು ನಮ್ಮ ಮೈ ಮೇಲೆ ಆ ಜಾಗ ಮುಟ್ಟಿಕೊಳ್ಳಬೇಕು. ಆಮೇಲೆ ಎದುರಿನವರ ಮೈಯಲ್ಲಿ ಅಂಗೈ ತೋರಿಸಿ ಗುರುತಿಸಬೇಕು. ಆಮೇಲೆ ದಿಕ್ಕು. ಮಾಯೆ ಅಂದರೆ ಮುಂದೆ, ಉಶಿರೊ ಅಂದರೆ ಹಿಂದೆ, ಯೋಕೊ ಅಂದರೆ ಪಕ್ಕ, ಮಿಗಿ ಬಲ, ಹಿದಾರಿ ಎಡ. ಇದೇನು ಮಕ್ಕಳಾಟ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಅಲ್ಲೇ ನಂಬಿಕೆ ಬಂದದ್ದು. ಯಾಕೆಂದರೆ ಕರಾಟೆಯ ವರಸೆಗಳ ಹೆಸರುಗಳೇ ಹೀಗೆ ಜೋಡಿಸಿದವು. ಮಟ್ಟ, ದಿಕ್ಕು, ಮೈಯ ಭಾಗ, ಮಾಡುವ ಕೆಲಸ. ಮಾಯೆ ಗೆರಿ ಅಂದರೆ ಮುಂದಕ್ಕೆ ಒದೆತ. ಉಶಿರೊ ಎಂಪಿ ಅಂದರೆ ಹಿಂದಕ್ಕೆ ಮೊಣಕೈ. ಜೋದಾನ್ ಆಗೆ ಉಕೆ ಅಂದರೆ ತಲೆಯ ಮಟ್ಟದಲ್ಲಿ ಮೇಲಕ್ಕೆ ಎತ್ತಿ ತಡೆಯುವುದು. ಹತ್ತು ಹದಿನೈದು ತುಂಡುಗಳು ಬಾಯಿಗೆ ಬಂದರೆ ಮುಂದೆ ಯಾವ ಹೊಸ ಹೆಸರು ಕೇಳಿದರೂ ಅರ್ಧ ವರಸೆ ತಾನಾಗಿಯೇ ಗೊತ್ತಾಗುತ್ತದೆ.

ಜಪಾನಿ ಹೆಸರು ಯಾಕೆ, ಕನ್ನಡದಲ್ಲೇ ಹೇಳಬಾರದಾ ಅಂತ ಬ್ಯಾಚಿನ ಕೆಲವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಒಕಿನಾವಾದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆ ತೋರಿಸಿದರು. ಶೋಟೊಕಾನ್ ಬೆಳೆದದ್ದು ಅವರಿಂದ. ಆ ಮೇಲೆ ಅದು ಎಲ್ಲೆಲ್ಲಿಗೆ ಹೋಯಿತೋ ಈ ಹೆಸರುಗಳೂ ಜೊತೆಗೆ ಹೋದವು. ಅದರ ಉಪಯೋಗ ನಮ್ಮ ಮನೆಯಲ್ಲೇ ನೋಡಿದ್ದೇನೆ. ದುಬೈನಲ್ಲಿರುವ ಅಕ್ಕನ ಮಗಳು ಅಲ್ಲಿ ಕರಾಟೆಗೆ ಹೋಗುತ್ತಾಳೆ, ಅವಳ ಮಾಸ್ಟರ್ ಈಜಿಪ್ಟಿನವರು. ವಿಡಿಯೋ ಕಾಲ್‌ನಲ್ಲಿ ಅವಳು "ಚಿಕ್ಕಮ್ಮ, ಗೆದಾನ್ ಬರಾಯ್ ತೋರಿಸಿ" ಅಂದರೆ ನಾನು ಕೂಡಲೇ ತೊಡೆಯ ಮುಂದೆ ಕೈ ಬೀಸುತ್ತೇನೆ. ಮಾತು ಬೆಳೆಸುವ ಅಗತ್ಯವೇ ಇಲ್ಲ. ನಮ್ಮ ಮಾಸ್ಟರ್ ಮಾಡುವುದು ಹೀಗೆ: ಹೆಸರು ಜಪಾನಿಯಲ್ಲಿ, ವಿವರ ಪೂರ್ತಿ ಕನ್ನಡದಲ್ಲಿ, ಬೋರ್ಡಿನ ಮೇಲೆ ಬರೆಯುವುದು ಕನ್ನಡ ಲಿಪಿಯಲ್ಲಿ. ಈ ಕೊನೆಯದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬ್ಯಾಚಿನಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವರೇ ಹೆಚ್ಚು.

ಕಾಲಿನ ಭಾಗಗಳನ್ನು ಕಲಿಸಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾವು ಕನ್ನಡದಲ್ಲಿ ಪಾದಕ್ಕೂ ಕಾಲು ಅನ್ನುತ್ತೇವೆ, ತೊಡೆಯಿಂದ ಕೆಳಗಿನ ಎಲ್ಲದಕ್ಕೂ ಕಾಲು ಅನ್ನುತ್ತೇವೆ. "ಕಾಲಲ್ಲಿ ಒದೆಯಿರಿ" ಅಂದರೆ ಹೊಸಬರು ಬೆರಳು ಮುಂದೆ ಮಾಡಿ ಒದೆಯುತ್ತಾರೆ. ಹಾಗೆ ಒದ್ದು ಹೆಬ್ಬೆರಳು ಊದಿಸಿಕೊಂಡು ನನ್ನ ಹತ್ತಿರ ಬಂದವರಿದ್ದಾರೆ. ಮಾಸ್ಟರ್ ಒಂದು ಬಕೆಟ್ ನೀರು ತಂದಿಟ್ಟರು. ಎಲ್ಲರೂ ಪಾದ ಒದ್ದೆ ಮಾಡಿಕೊಂಡು ಒಣಗಿದ ನೆಲದ ಮೇಲೆ ತುದಿಗಾಲಲ್ಲಿ ನಿಂತು ಪಕ್ಕಕ್ಕೆ ಸರಿಯಬೇಕು. ನೆಲದ ಮೇಲೆ ಬೆರಳುಗಳ ಐದು ಚುಕ್ಕೆ, ಅವುಗಳ ಹಿಂದೆ ಒಂದು ಅಗಲವಾದ ಪಟ್ಟಿ. "ಬೆರಳು ಬೇಡ. ಈ ಪಟ್ಟಿ ನೋಡಿ, ಇದೇ ಕೋಶಿ. ಮಾಯೆ ಗೆರಿ ತಾಗಬೇಕಾದ್ದು ಇದು" ಅಂದರು. ಆಮೇಲೆ ಗೋಡೆಗೆ ಒರಗಿಸಿದ ಪ್ಯಾಡಿಗೆ ಬೆರಳುಗಳನ್ನು ಮೇಲಕ್ಕೆ ಎಳೆದು ನಿಧಾನವಾಗಿ ಒತ್ತಿಸಿದರು. ಪ್ಯಾಡಿನ ಮೇಲೆ ಬಿದ್ದ ಒದ್ದೆ ಗುರುತಿನಲ್ಲಿ ಬೆರಳಿನ ಚುಕ್ಕೆ ಕಂಡರೆ ಮತ್ತೆ ಮಾಡಿಸುತ್ತಿದ್ದರು. ಅದೇ ರೀತಿ ಪಾದದ ಹೊರ ಅಂಚು ಸೊಕುತೊ, ಪಕ್ಕಕ್ಕೆ ಒದೆಯುವುದಕ್ಕೆ. ಪಾದದ ಮೇಲ್ಭಾಗ ಹೈಸೊಕು. ಹಿಮ್ಮಡಿ ಕಕಾತೊ, ಹಿಂದಿನಿಂದ ಹಿಡಿದವರ ಪಾದವನ್ನು ತುಳಿಯುವುದಕ್ಕೆ. ಪಾದದ ಮೇಲ್ಭಾಗದಲ್ಲಿ ಸಣ್ಣ ಮೂಳೆಗಳು ಚರ್ಮದ ಕೆಳಗೇ ಇರುತ್ತವೆ, ಮಾಂಸದ ಮೆತ್ತೆ ಕಡಿಮೆ. ಹಿಮ್ಮಡಿ ಅಲ್ಲಿ ಬಿದ್ದರೆ ಎಂಥ ಗಟ್ಟಿಗನೂ ಹಿಡಿತ ಸಡಿಲಿಸುತ್ತಾನೆ.

ಕೋಶಿ ಅಂತಲೇ ಸೊಂಟಕ್ಕೂ ಹೇಳುತ್ತಾರೆ. ಜಪಾನಿಯಲ್ಲಿ ಎರಡನ್ನೂ ಬರೆಯುವುದು ಬೇರೆ, ಕಿವಿಗೆ ಕೇಳುವುದು ಒಂದೇ. ಗಲಿಬಿಲಿ ಆಗಬಾರದು ಅಂತ ಮಾಸ್ಟರ್ ಸೊಂಟಕ್ಕೆ ಸೊಂಟ ಅಂತಲೇ ಹೇಳುತ್ತಾರೆ. ಇಷ್ಟು ಯೋಚನೆ ಮಾಡಿ ಪಾಠ ಮಾಡುವವರು ಸಿಗುವುದು ಕಷ್ಟ.

ಕನ್ನಡದಲ್ಲೂ ಇಂಥ ತೊಡಕು ಇದೆ. ಅಂಗೈಯ ಬುಡದಿಂದ ಹೊಡೆಯುವ ತೇಶೊ ಕಲಿಸುವಾಗ "ಗಲ್ಲಕ್ಕೆ" ಅಂದರೆ ಬ್ಯಾಚಿನಲ್ಲಿ ಎರಡು ಪಂಗಡ ಆಗುತ್ತದೆ. ಧಾರವಾಡದ ಕಡೆಯಿಂದ ಬಂದವರಿಗೆ ಗಲ್ಲ ಅಂದರೆ ಕೆನ್ನೆ. ಮೈಸೂರಿನ ಕಡೆ ಅನೇಕರಿಗೆ ಅದು ಬಾಯಿಯ ಕೆಳಗಿನ ಜಾಗ. ಈಗ ಎಲ್ಲರೂ ಒಪ್ಪಿಕೊಂಡು ಗದ್ದ ಅನ್ನುತ್ತೇವೆ. ಕೈ ವಿಷಯದಲ್ಲೂ ಹಾಗೆ. "ಕೈ ತಿರುಗಿಸಿ" ಅನ್ನುವ ಮಾತು ಇಲ್ಲಿ ಕೇಳುವುದಿಲ್ಲ. ಮಣಿಕಟ್ಟು, ಮುಂಗೈ, ಮೊಣಕೈ, ತೋಳು ಅಂತ ಬಿಡಿಸಿಯೇ ಹೇಳುತ್ತಾರೆ. ಮಣಿಕಟ್ಟು ತಿರುಗಿಸುವುದು ಬೇರೆ, ಮೊಣಕೈ ತಿರುಗಿಸುವುದು ಬೇರೆ. ನನ್ನ ವೃತ್ತಿಯವರಿಗೆ ಇದು ಕೇಳಿದರೆ ಹಾಲು ಕುಡಿದಷ್ಟು ಸಂತೋಷ.

ಮಣಿಕಟ್ಟು ಹಿಡಿದಾಗ ಬಿಡಿಸಿಕೊಳ್ಳುವುದನ್ನೇ ತಗೊಳ್ಳಿ. ಎಲ್ಲ ಕಡೆಯೂ ಇದನ್ನು ಕಲಿಸುತ್ತಾರೆ, ಬಹಳ ಕಡೆ ಸುಮ್ನೆ "ಜೋರಾಗಿ ಎಳೀರಿ" ಅನ್ನುತ್ತಾರೆ. ಇಲ್ಲಿ ಮೊದಲ ಪ್ರಶ್ನೆ: ಹಿಡಿದದ್ದು ನೇರ ಹಿಡಿತವೋ, ಅಡ್ಡ ಹಿಡಿತವೋ? ಎದುರು ನಿಂತವನು ತನ್ನ ಬಲಗೈಯಿಂದ ನನ್ನ ಎಡಗೈ ಹಿಡಿದರೆ ನೇರ. ಬಲಗೈಯಿಂದ ನನ್ನ ಬಲಗೈ ಹಿಡಿದರೆ ಅಡ್ಡ. ಎರಡನೇ ಪ್ರಶ್ನೆ: ಅವನ ಹೆಬ್ಬೆರಳು ಎಲ್ಲಿದೆ? ನಾಲ್ಕು ಬೆರಳು ಒಂದು ಕಡೆಯಿಂದ ಸುತ್ತಿರುತ್ತವೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆಯಿಂದ. ಹೆಬ್ಬೆರಳ ತುದಿ ಮತ್ತು ಬೆರಳ ತುದಿ ಕೂಡುವ ಸಂದಿನಲ್ಲಿ ಹಿಡಿತ ಸಡಿಲ. ನಮ್ಮ ಮುಂಗೈಯ ಅಗಲವಾದ ಮುಖ ಆ ಸಂದಿಗೆ ಅಡ್ಡವಾಗಿದ್ದರೆ ಎಷ್ಟು ಎಳೆದರೂ ಬರುವುದಿಲ್ಲ. ತೆಳುವಾದ ಅಂಚು ಸಂದಿಗೆ ನೇರವಾಗುವಂತೆ ತಿರುಗಿಸಿ, ಮೊಣಕೈಯನ್ನು ಅವನ ಕಡೆಗೆ ಮುಂದಕ್ಕೆ ತಳ್ಳಿ, ಕೈಯನ್ನು ಆ ಸಂದಿನಿಂದ ಹೊರಗೆ ತೆಗೆಯಬೇಕು. ಮೊಣಕೈ ಮುಂದಕ್ಕೆ ಅನ್ನುವುದೇ ಇದರ ಜೀವ. ಹಿಂದಕ್ಕೆ ಎಳೆದರೆ ನಮ್ಮ ತೋಳಿನ ಶಕ್ತಿ ಅವನ ಇಡೀ ಮೈಯ ತೂಕದ ಎದುರು ನಿಲ್ಲಬೇಕಾಗುತ್ತದೆ. ಮುಂದಕ್ಕೆ ತಳ್ಳಿದರೆ ಅವನ ಹೆಬ್ಬೆರಳು ಒಂದೇ ನಮ್ಮ ಇಡೀ ಮುಂಗೈಯನ್ನು ತಡೆಯಬೇಕು. ನಮ್ಮ ಬ್ಯಾಚಿನಲ್ಲಿ ಅರವತ್ತು ದಾಟಿದ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಮಾಸ್ಟರ್ ಗಟ್ಟಿಯಾಗಿ ಹಿಡಿದಾಗಲೂ ಅವರು ಬಿಡಿಸಿಕೊಳ್ಳುತ್ತಾರೆ. ಮಾಸ್ಟರ್ ಬೇಕಂತ ಸಡಿಲ ಬಿಡುವವರಲ್ಲ.

ಎಡ ಬಲದ ವಿಷಯ. ಮಾಸ್ಟರ್ ನಮಗೆ ಎದುರಾಗಿ ನಿಂತು "ಬಲಗೈ" ಅಂದರೆ ಹೊಸಬರು ಅವರ ಬಲಗೈ ಎದುರಿಗಿರುವ ತಮ್ಮ ಎಡಗೈ ಎತ್ತುತ್ತಾರೆ. ಇದಕ್ಕೆ ಅವರು ಹೊಸ ವರಸೆಯನ್ನು ಯಾವಾಗಲೂ ನಮಗೆ ಬೆನ್ನು ಮಾಡಿ ತೋರಿಸುತ್ತಾರೆ. ಅವರ ಬಲ, ನಮ್ಮ ಬಲ ಒಂದೇ ಕಡೆ. ಜೋಡಿಯಾಗಿ ಮಾಡುವಾಗ "ನಿಮ್ಮ ಬಲ", "ಅವರ ಬಲ" ಅಂತ ಪ್ರತಿ ಸಲ ಹೇಳಲೇಬೇಕು, ಬರೀ ಬಲ ಅಂದರೆ ನಿಲ್ಲಿಸಿಬಿಡುತ್ತಾರೆ.

ಆದರೆ ಇದೇ ಹಾಲಿನ ಗೋಡೆ ಮೇಲೆ ಒಂದು ದೊಡ್ಡ ಚಾರ್ಟ್ ತೂಗುಹಾಕಿದ್ದಾರೆ. ಮನುಷ್ಯನ ಆಕೃತಿ, ಅದರ ಮೇಲೆ ನಂಬರ್ ಹಾಕಿದ ಚುಕ್ಕೆಗಳು. ನನ್ನ ದೊಡ್ಡ ದೂರು ಇದರ ಮೇಲೆ. ಅದರಲ್ಲಿ ಎಡ ಬಲವನ್ನು ನೋಡುವವರ ಲೆಕ್ಕದಲ್ಲಿ ಗುರುತು ಮಾಡಿದ್ದಾರೆ. ಹಾಗಾಗಿ ಪಿತ್ತಜನಕಾಂಗ, ಅಂದರೆ ಲಿವರ್, ಚಿತ್ರದ ಮನುಷ್ಯನ ಎಡಗಡೆ ಬಂದು ಕೂತಿದೆ. ಲಿವರ್ ಇರುವುದು ಬಲಗಡೆಯ ಪಕ್ಕೆಲುಬುಗಳ ಕೆಳಗೆ. ಎದುರು ನಿಂತವನ ಬಲಗಡೆ ಅಂದರೆ ನಮ್ಮ ಎಡಗೈ, ಎಡಗಾಲಿಗೆ ಹತ್ತಿರದ ಜಾಗ. ಅದಕ್ಕೇ ಹಿದಾರಿ ಮವಾಶಿ ಗೆರಿ, ಅಂದರೆ ಎಡಗಾಲಿನ ಸುತ್ತು ಒದೆತ, ಅಲ್ಲಿಗೆ ಸರಿಯಾಗಿ ತಲುಪುತ್ತದೆ. ಚಾರ್ಟ್ ನಂಬಿದವರು ಬಲಗಾಲಿನಲ್ಲಿ ಒದ್ದು ಗುಲ್ಮದ, ಅಂದರೆ ಸ್ಪ್ಲೀನ್‌ನ, ಮೇಲೆ ಏಟು ಹಾಕುತ್ತಾರೆ. ಗುಲ್ಮ ಒಡೆದರೆ ಒಳಗೆ ರಕ್ತಸ್ರಾವ ಆಗಿ ಜೀವಕ್ಕೇ ಅಪಾಯ. ಇದನ್ನು ಮಾಸ್ಟರಿಗೆ ಹೇಳಿದ್ದೇನೆ. ಅವರು ಒಪ್ಪಿಕೊಂಡು ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬಾಣ ಹಾಕಿದ್ದಾರೆ. ಚಾರ್ಟನ್ನೇ ತೆಗೆಯಬೇಕು ಅನ್ನುವುದು ನನ್ನ ಒತ್ತಾಯ.

ಮರ್ಮದ ಜಾಗಗಳ ಪಾಠ ಮಾತ್ರ ತುಂಬ ಜವಾಬ್ದಾರಿಯಿಂದ ನಡೆಯುತ್ತದೆ. ಪಕ್ಕೆಲುಬುಗಳು ಮುಂದೆ ಕೂಡುವ ಮೂಳೆಯ ಕೆಳಗೆ ಒಂದು ಮೆತ್ತನೆ ಗುಳಿ ಇದೆಯಲ್ಲ, ಅದು ಸುಯಿಗೆತ್ಸು. ಅಲ್ಲಿ ಏಟು ಬಿದ್ದರೆ ವಪೆ, ಅಂದರೆ ಉಸಿರಾಟದ ಸ್ನಾಯು ಡಯಾಫ್ರಂ, ಹಿಡಿದುಕೊಂಡು ಸ್ವಲ್ಪ ಹೊತ್ತು ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಓಡಿಹೋಗುವುದಕ್ಕೆ ಆ ಸಮಯ ಸಾಕು. ಮೂಗಿನ ಕೆಳಗಿನ ತಗ್ಗು ಜಿಂಚು. ತೊಡೆಸಂದು ಕಿಂತೆಕಿ. ಮೊಣಕಾಲಿನ ಕೆಳಗೆ ಮುಂದಿನ ಮೂಳೆಯ ಒಳಮುಖಕ್ಕೆ ಮಾಂಸದ ಹೊದಿಕೆಯೇ ಇಲ್ಲ, ಮಂಚದ ಕಾಲಿಗೆ ತಾಗಿಸಿಕೊಂಡವರಿಗೆಲ್ಲ ಆ ನೋವು ಗೊತ್ತು. ಕಣ್ಣಿನ ಪಕ್ಕದ ಕಣತಲೆ, ಅಂದರೆ ಕಸುಮಿ, ಹೆಸರಿಗೆ ಮಾತ್ರ. ಅಲ್ಲಿಗೆ ಅಭ್ಯಾಸದಲ್ಲಿ ಬೆರಳು ಕೂಡ ತಾಗಿಸುವಂತಿಲ್ಲ. ತಲೆಬುರುಡೆ ಅಲ್ಲಿ ತೆಳು, ಒಳಗೆ ಮುಖ್ಯ ರಕ್ತನಾಳ ಹಾದುಹೋಗುತ್ತದೆ. ಕುತ್ತಿಗೆಯ ಪಕ್ಕಕ್ಕೂ ಇದೇ ನಿಯಮ. ಜೊತೆಗೆ ಕಾನೂನಿನ ಮಾತನ್ನೂ ಒಮ್ಮೆ ಹೇಳಿದರು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 34ರಿಂದ 44ರವರೆಗೆ ಆತ್ಮರಕ್ಷಣೆಯ ಹಕ್ಕಿನ ವಿಷಯ ಇದೆ. ಹಳೆಯ ಐಪಿಸಿಯಲ್ಲಿ ಇದು 96ರಿಂದ 106ರವರೆಗೆ ಇತ್ತು. ಕಾಪಾಡಿಕೊಳ್ಳಲು ಬೇಕಾದಷ್ಟಕ್ಕಿಂತ ಜಾಸ್ತಿ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಹಾಗಾಗಿ ಯಾವ ಜಾಗದ ಏಟು ಉಸಿರು ಕಟ್ಟಿಸುತ್ತದೆ, ಯಾವುದು ಕೊಲ್ಲುತ್ತದೆ ಅಂತ ಬೇರೆಬೇರೆಯಾಗಿ ಗೊತ್ತಿರಲೇಬೇಕು. ಇದನ್ನು ಹೇಳದೆ ಮರ್ಮ ಕಲಿಸುವವರ ಹತ್ತಿರ ಯಾರೂ ಹೋಗಬೇಡಿ.

ಸಿಟಿ ಬಸ್ ಕಂಡಕ್ಟರ್ ಒಬ್ಬರು ನಮ್ಮ ಜೊತೆ ಕಲಿಯುತ್ತಾರೆ. ಅವರು ಒಂದು ದಿನ "ಮಾಸ್ಟರ್, ಬಸ್ಸಿನಲ್ಲಿ ಕಾಲು ಎತ್ತುವುದಕ್ಕೆ ಜಾಗ ಎಲ್ಲಿರುತ್ತೆ ಹೇಳಿ" ಅಂದರು. ಅವತ್ತಿನ ಪಾಠ ಪೂರ್ತಿ ಮೊಣಕೈಗೆ ಹೋಯಿತು. ಕುರ್ಚಿಗಳನ್ನು ಎರಡು ಸಾಲಿಟ್ಟು ನಡುವೆ ನಿಲ್ಲಿಸಿದರು. ಪಕ್ಕಕ್ಕೆ ಯೋಕೊ ಎಂಪಿ, ಹಿಂದಕ್ಕೆ ಉಶಿರೊ ಎಂಪಿ, ಕೆಳಗಿಂದ ಗದ್ದಕ್ಕೆ ಆಗೆ ಎಂಪಿ, ಮೇಲಿಂದ ಕೆಳಕ್ಕೆ ಒತೋಶಿ ಎಂಪಿ. ಆಯುಧ ಒಂದೇ, ದಿಕ್ಕು ನಾಲ್ಕು. ಮಾಸ್ಟರ್ ಬರೀ ದಿಕ್ಕಿನ ಹೆಸರು ಕೂಗುತ್ತಿದ್ದರು, ನಾವು ತಿರುಗಿ ನೋಡದೆ ಮಾಡಬೇಕಿತ್ತು. ಇಡೀ ಬ್ಯಾಚಿಗೆ ಅತಿ ಹೆಚ್ಚು ಉಪಯೋಗವಾದ ಪಾಠ ಅದೇ ಅಂತ ನನ್ನ ಎಣಿಕೆ.

ಕತಾ, ಅಂದರೆ ಒಬ್ಬರೇ ಮಾಡುವ ವರಸೆಗಳ ಸರಣಿ, ಕಲಿಸುವುದರಲ್ಲೂ ಒಂದು ಒಳ್ಳೆಯ ಕ್ರಮ ಇದೆ. ಹೆಯಾನ್ ಶೋದಾನ್ ಅನ್ನುವ ಕತಾದಲ್ಲಿ 21 ಚಲನೆ. ಮೊದಲನೆಯದು ಎಡಕ್ಕೆ ತಿರುಗಿ ಗೆದಾನ್ ಬರಾಯ್. ಮಧ್ಯೆ ಮೂರು ಆಗೆ ಉಕೆ ಆದ ಮೇಲೆ ಎಡಗಡೆಯಿಂದ ಮುಕ್ಕಾಲು ಸುತ್ತು ತಿರುಗಬೇಕು, ಆಗ ಮುಖ ಬಲಗಡೆಗೆ ಬರುತ್ತದೆ. ಎಲ್ಲರೂ ದಾರಿ ತಪ್ಪುವುದು ಇಲ್ಲೇ. ಬೇರೆ ಕಡೆ "ಕಿಟಕಿ ಕಡೆ ತಿರುಗಿ, ಬಾಗಿಲ ಕಡೆ ತಿರುಗಿ" ಅಂತ ಕಲಿಸಿಬಿಡುತ್ತಾರೆ, ಬೆಲ್ಟ್ ಪರೀಕ್ಷೆಗೆ ಇನ್ನೊಂದು ಹಾಲಿಗೆ ಹೋದಾಗ ಹುಡುಗರು ಕಿಟಕಿ ಹುಡುಕುತ್ತಾ ನಿಲ್ಲುತ್ತಾರೆ. ಇಲ್ಲಿ ವಾರಕ್ಕೊಂದು ಗೋಡೆಯನ್ನು ಶೋಮೆನ್, ಅಂದರೆ ಮುಂಭಾಗ, ಅಂತ ಬದಲಾಯಿಸುತ್ತಾರೆ. ದಿಕ್ಕು ನಮ್ಮ ಮೈಗೆ ಅಂಟಿಕೊಳ್ಳುತ್ತದೆ, ಕಟ್ಟಡಕ್ಕಲ್ಲ.

ಇನ್ನೊಂದು ದೂರು ಇದೆ. ಮಾಸ್ಟರ್ ಊರಲ್ಲಿ ಇಲ್ಲದಾಗ ಬರುವ ಸಹಾಯಕರು ಬೇರೆ ಶೈಲಿಯಲ್ಲಿ ಕಲಿತವರು. ಶೋಟೊಕಾನ್‌ನಲ್ಲಿ ಸೋತೊ ಉಕೆ ಅಂದರೆ ಹೊರಗಿಂದ ಒಳಕ್ಕೆ ತಡೆಯುವುದು, ಉಚಿ ಉಕೆ ಅಂದರೆ ಒಳಗಿಂದ ಹೊರಕ್ಕೆ. ಬೇರೆ ಕೆಲವು ಶೈಲಿಗಳಲ್ಲಿ ಇದೇ ಹೆಸರುಗಳು ಉಲ್ಟಾ. ಎರಡೂ ಅವರವರ ಲೆಕ್ಕದಲ್ಲಿ ಸರಿ. ಒಂದರಲ್ಲಿ ಕೈ ಎಲ್ಲಿಂದ ಹೊರಡುತ್ತದೆ ಅನ್ನುವುದರ ಮೇಲೆ ಹೆಸರಿಟ್ಟದ್ದು, ಇನ್ನೊಂದರಲ್ಲಿ ಎತ್ತ ಹೋಗುತ್ತದೆ ಅನ್ನುವುದರ ಮೇಲೆ. ಆದರೆ ಒಂದೇ ಹಾಲಿನಲ್ಲಿ ಈ ವಾರ ಒಂದು, ಮುಂದಿನ ವಾರ ಇನ್ನೊಂದು ಅಂದರೆ ಹೊಸಬರು ಏನು ಮಾಡಬೇಕು? ಸಹಾಯಕರು ಒಳ್ಳೆಯವರು, ತಾಳ್ಮೆಯವರು. ಇಬ್ಬರೂ ಕೂತು ಮಾತಾಡಿ ಒಂದೇ ಹೆಸರು ಇಟ್ಟುಕೊಳ್ಳಬೇಕು ಅಷ್ಟೇ. ಕೊಡುವ ಜೆರಾಕ್ಸ್ ಹಾಳೆಯನ್ನೂ ಬದಲಾಯಿಸಬೇಕು. ಬೋರ್ಡಿನ ಮೇಲೆ ಅಷ್ಟು ಚೆಂದ ಕನ್ನಡದಲ್ಲಿ ಬರೆಯುವವರು ಹಾಳೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಯಾಕೆ ಕೊಡುತ್ತಾರೋ.

ಫೀಸು ತಿಂಗಳಿಗೆ 800 ರೂಪಾಯಿ. ಸಮವಸ್ತ್ರ ಬೇರೆ, ಆದರೆ ಅವರ ಹತ್ತಿರವೇ ತಗೊಳ್ಳಬೇಕು ಅನ್ನುವ ಬಲವಂತ ಇಲ್ಲ. ಚೂಡಿದಾರದಲ್ಲೂ ಬರಬಹುದು, ದುಪಟ್ಟಾ ಮಾತ್ರ ಬೇಡ. ನೆಲಕ್ಕೆ ಮ್ಯಾಟ್ ಇದೆ, ಅಂಚುಗಳು ಸವೆದಿವೆ. ಮದುವೆ ಮುಹೂರ್ತ ಜಾಸ್ತಿ ಇರುವ ತಿಂಗಳಲ್ಲಿ ಭವನ ಸಿಗುವುದಿಲ್ಲ, ಪಕ್ಕದ ಪಾರ್ಕಿನಲ್ಲಿ ಕ್ಲಾಸ್ ನಡೆಯುತ್ತದೆ, ಆಗ ಬೀಳುವ ಅಭ್ಯಾಸ ಬಿಟ್ಟುಬಿಡುತ್ತಾರೆ. ಮಂಡಿ ನೋವು ಇರುವವರು ಸೇರುವ ಮೊದಲೇ ಹೇಳಿ. ಕುದುರೆ ಸವಾರಿಯ ಭಂಗಿಯಲ್ಲಿ, ಅಂದರೆ ಕಿಬಾ ದಾಚಿಯಲ್ಲಿ, ಬಹಳ ಹೊತ್ತು ನಿಲ್ಲಿಸುತ್ತಾರೆ. ಹೇಳಿದರೆ ಎತ್ತರ ಮಾಡಿ ನಿಲ್ಲಲು ಬಿಡುತ್ತಾರೆ. ಮಂಡಿ ಒಳಕ್ಕೆ ಬೀಳದೆ ಪಾದದ ಬೆರಳುಗಳ ದಿಕ್ಕಿನಲ್ಲೇ ಇರಬೇಕು ಅಂತ ಅವರು ಪ್ರತಿಯೊಬ್ಬರ ಹತ್ತಿರ ಬಂದು ಸರಿಮಾಡುವುದನ್ನು ನೋಡಿದ್ದೇನೆ, ಆ ವಿಷಯದಲ್ಲಿ ನನಗೆ ಚಿಂತೆ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಹೋಗುವವರು ಒಂದು ಶನಿವಾರ ಬಂದು ಗೋಡೆ ಪಕ್ಕ ಕೂತು ನೋಡಬಹುದು, ಅದಕ್ಕೆ ದುಡ್ಡು ಕೇಳುವುದಿಲ್ಲ. ಮಣಿಕಟ್ಟಿನ ಪಾಠ ಯಾವ ವಾರ ಅಂತ ಫೋನ್ ಮಾಡಿ ಕೇಳಿಕೊಂಡು ಆ ದಿನವೇ ಬನ್ನಿ. ಚಾರ್ಟ್ ತೆಗೆದು, ಕನ್ನಡದ ಹಾಳೆ ಕೊಟ್ಟ ದಿನ ಉಳಿದ ಒಂದು ಸ್ಟಾರನ್ನೂ ಸೇರಿಸುತ್ತೇನೆ.